ಪಕ್ಕಪಕ್ಕದ್ದು ಸಾಕು

ಮಧ್ಯಾಹ್ನ ಇಂಟರ್‌ವ್ಯೂ ಇಟ್ಟುಕೊಂಡು ಬೆಳಿಗ್ಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂರುವವರನ್ನು ಏನೆಂದು ಕರೆಯಬೇಕೋ ಅವಳಿಗೆ ಗೊತ್ತಿತ್ತು. ಆ ಪದವನ್ನು ತನ್ನ ಮೇಲೆ ತಾನೇ ಪ್ರಯೋಗಿಸಲು ಮನಸ್ಸಾಗದೆ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಳು. ಬಟ್ಟೆಯಾದರೂ ತನ್ನದೇ? ಅದೂ ಅಲ್ಲ. ಓರಗಿತ್ತಿಯ ಕೋಣೆಯ ಕಿಟಕಿ ಪರದೆ. ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿದ್ದನ್ನು ಹೋದ ವಾರವೇ ತಂದಿಟ್ಟು, "ಬಿಡುವಾದಾಗ ಜೋಡಿಸಿಕೊಡಿ ಅಕ್ಕಾ, ಅವಸರ ಏನಿಲ್ಲ" ಎಂದು ಹೋಗಿದ್ದಳು ಮಹರಾಯ್ತಿ. ಬಿಡುವಾದಾಗ! ಆ ಮಾತನ್ನು ವಾರವಿಡೀ ಬಾಯಲ್ಲಿಟ್ಟುಕೊಂಡು ಚೀಪಿದ್ದಾಯಿತು, ಇನ್ನೂ ಕರಗಿರಲಿಲ್ಲ. ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು, ಇಬ್ಬರು ಹೆಂಡತಿಯರು, ಒಂದು ಅಡುಗೆಮನೆ, ಒಬ್ಬರು ಅತ್ತೆ. ಈಗ ಅದರ ಜೊತೆಗೆ ಒಂದು ಕೆಲಸ. ಬಸ್ಸುಗಳ ವೇಳೆ ಹೊಂದಿಸಿಕೊಡುವ ಕಂಪನಿಯೊಂದಕ್ಕೆ ಪ್ರೋಗ್ರಾಮ್ ಬರೆಯುವವರು ಬೇಕಾಗಿದ್ದರು, ಒಬ್ಬರೇ ಒಬ್ಬರು. ಮೊದಲು ಅರ್ಜಿ ಹಾಕಿದ್ದು ಅವಳು. ಅಷ್ಟರಲ್ಲಿ ಓರಗಿತ್ತಿ ದುಡಿಯುತ್ತಿದ್ದ ಕಂಪನಿ ಒಂದಿಡೀ ವಿಭಾಗಕ್ಕೆ ಬಾಗಿಲು ಹಾಕಿ ಅವಳನ್ನು ಮನೆಗೆ ಕಳಿಸಿತು. ಅವಳೂ ಅಲ್ಲಿಗೇ ಅರ್ಜಿ ಹಾಕಿದಳು. "ನಿಮಗೆ ಬೇಜಾರಿಲ್ಲ ತಾನೇ ಅಕ್ಕಾ?" ಎಂದು ಕೇಳಿದ್ದಳು. "ಛೇ ಛೇ, ಬೇಜಾರ್ಯಾಕೆ, ಯಾರಿಗೆ ಸಿಕ್ಕಿದ್ರೂ ಮನೆಗೇ ಬಂತಲ್ಲ" ಎಂದು ಇವಳು ನಕ್ಕಿದ್ದಳು. ಇಷ್ಟು ಉದಾರವಾದ ಮಾತಾಡಿದ ಮೇಲೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಆ ನಲ್ಲಿಗೆ ಮಾತ್ರ ಗೊತ್ತು. ಈಗ ಓರಗಿತ್ತಿ ಇಂಟರ್‌ವ್ಯೂನ ಬೆಳಗಿನ ಸರದಿಗೆ ಹೋಗಿದ್ದಳು. ಇವಳದು ಮಧ್ಯಾಹ್ನದ ಸರದಿ.

ಕೆಲಸ ಯಾಕೆ ಬೇಕು ಎಂದು ಗಂಡ ಕೇಳಿದಾಗಲೆಲ್ಲ ಅವಳು ದೊಡ್ಡ ದೊಡ್ಡ ಕಾರಣ ಕೊಟ್ಟಿದ್ದಳು. ನಿಜವಾದ ಕಾರಣ ಬಲು ಸಣ್ಣದು. ಯಾರಾದರೂ ತನ್ನನ್ನು ಒಂದು ಪ್ರಶ್ನೆ ಕೇಳಬೇಕು, ಅದಕ್ಕೆ ಉತ್ತರ "ಫ್ರಿಜ್ಜಿನಲ್ಲಿದೆ ನೋಡು" ಎಂದಾಗಿರಬಾರದು. ಮಕ್ಕಳು ಹುಟ್ಟುವ ಮೊದಲು ಕೆಲಸದಲ್ಲಿದ್ದಳು, ಬಿಟ್ಟಳು, ಮತ್ತೆ ಹೊರಟಾಗ ಎಲ್ಲ ಮರೆತಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕಣ್ಣು ಒಲೆಯ ಮೇಲಿಟ್ಟು, ಸಂಖ್ಯೆಗಳ ಸಾಲನ್ನು ಹಿಂದೆ ಮುಂದೆ ಮಾಡುವುದನ್ನು ಮತ್ತೆ ಒಂದರಿಂದ ಕಲಿತಳು. ಮೂರು ಕಡೆ ಇಂಟರ್‌ವ್ಯೂಗೆ ಹೋಗಿ ಮೂರು ಕಡೆಯೂ ಪೆಚ್ಚುಮೋರೆ ಹಾಕಿಕೊಂಡು ಬಂದಿದ್ದಳು. ಇದೂ ಹೋದರೆ ಲ್ಯಾಪ್‌ಟಾಪನ್ನು ಮಕ್ಕಳಿಗೆ ಕೊಟ್ಟುಬಿಡುತ್ತೇನೆ ಎಂದು ಎಲ್ಲರೆದುರು ಘೋಷಿಸಿದ್ದಳು. ಯಾರಾದರೂ "ಬೇಡ, ಬಿಡ್ಬೇಡ" ಎನ್ನುತ್ತಾರೆಂಬ ಆಸೆಯಿಂದ ಹೇಳಿದ ಮಾತು ಅದು. ಮಕ್ಕಳು ಕುಣಿದಾಡಿದವು. ಅತ್ತೆ ಮಾತ್ರ, "ಅವಳ ಹಾಗೆ ಬಿಡದೆ ಮಾಡ್ಕೊಂಡ್ ಹೋಗಿದ್ರೆ ಇಷ್ಟೊತ್ತಿಗೆ ನೀನೂ ಎಲ್ಲೋ ಇರ್ತಿದ್ದೆ" ಎಂದರು. ಅವಳ ಹಾಗೆ. ಈ ಮನೆಗೆ ಓರಗಿತ್ತಿ ಬಂದಂದಿನಿಂದ ಆ ಎರಡು ಪದ ಗೋಡೆಗೆ ಬಳಿದ ಸುಣ್ಣದ ಹಾಗೆ ಎಲ್ಲೆಡೆ ಅಂಟಿಕೊಂಡಿದ್ದವು. ಅತ್ತೆಯನ್ನು ದೂರಿ ಏನು ಬಂತು, ಅವರು ಬಾಯಿ ಬಿಟ್ಟು ಹೇಳುತ್ತಿದ್ದರು, ಇವಳು ಬಾಯಿ ಮುಚ್ಚಿಕೊಂಡು ಅದನ್ನೇ ದಿನವಿಡೀ ಮಾಡುತ್ತಿದ್ದಳು. ಓರಗಿತ್ತಿಯ ಕೂದಲು, ತನ್ನ ಕೂದಲು. ಓರಗಿತ್ತಿ ಫೋನಿನಲ್ಲಿ ನಗುವ ರೀತಿ, ತಾನು ನಗುವ ರೀತಿ. ಕೊನೆಗೆ ಎದುರು ಮನೆಯವಳ ಜೊತೆ, ಮಕ್ಕಳ ಟೀಚರ್ ಜೊತೆ, ಔಷಧಿ ಅಂಗಡಿಯವಳ ಜೊತೆ, ಟೀವಿಯಲ್ಲಿ ಹವಾಮಾನ ಹೇಳುವವಳ ಜೊತೆಯೂ ತನ್ನನ್ನು ನಿಲ್ಲಿಸಿ ಎತ್ತರ ನೋಡುವುದು. ಹವಾಮಾನದವಳಿಗೆ ಈ ಪೈಪೋಟಿಯ ಸುದ್ದಿಯೇ ಇರಲಿಲ್ಲ ಎಂಬುದು ಬೇರೆ ಮಾತು.

ಫೋನು ಟಣ್ ಎಂದಿತು. ಓರಗಿತ್ತಿಯ ಸಂದೇಶ. "ಮುಗೀತು ಅಕ್ಕಾ. ಮೊದಲು ಎಲ್ಲಾ ಸಾಲಾಗಿ ಇಟ್ಕೊಳ್ಳಿ. ಆಮೇಲೆ ಪಕ್ಕಪಕ್ಕದ್ದನ್ನ ಹೊಲಿಸಿದ್ರೆ ಸಾಕು." ಓದಿದಳು. ಮತ್ತೆ ಓದಿದಳು. ಎದುರಿಗೆ ಪರದೆಯ ಪಟ್ಟಿಗಳು ಅಡ್ಡಾದಿಡ್ಡಿಯಾಗಿ ಬಿದ್ದಿದ್ದವು. ಮೈಯೆಲ್ಲ ಉರಿದುಹೋಯಿತು. ಅಲ್ಲ, ಇಂಟರ್‌ವ್ಯೂ ಮುಗಿಸಿ ಹೊರಗೆ ಕಾಲಿಟ್ಟವಳಿಗೆ ಮೊದಲು ನೆನಪಾಗುವುದು ಪರದೆಯೇ? ಇನ್ನೆರಡು ಗಳಿಗೆಗೆ ಅದೇ ಕುರ್ಚಿಯಲ್ಲಿ ಹೋಗಿ ಕೂರಬೇಕಾದವಳಿಗೆ ಒಂದು ಒಳ್ಳೆಯ ಮಾತು ಹೇಳುವುದು ಬಿಟ್ಟು ಹೊಲಿಗೆಯ ಪಾಠ! ಅದೂ ಹೊಲಿದರೆ ಎಂದಲ್ಲ, ಹೊಲಿಸಿದರೆ ಎಂದು. ಇವಳ ಕೈಕೆಳಗೆ ಹತ್ತು ಜನ ದರ್ಜಿಗಳಿದ್ದಾರೆ ಎನ್ನುವ ಹಾಗೆ. ಇಲ್ಲ, ಇದು ಮರೆವಲ್ಲ, ಕೊಂಕು. ನಿನ್ನ ಜಾಗ ಮೆಷಿನ್ನಿನ ಮುಂದೆ, ಅಲ್ಲೇ ಇರು ಎಂದು ಹೇಳುವ ನಾಜೂಕಿನ ದಾರಿ. ಅವಳಿಗೆ ನಾಜೂಕು ಬಹಳ. ಇವಳು ಉತ್ತರವಾಗಿ "ಆಯ್ತಮ್ಮಾ" ಎಂದು ಟೈಪ್ ಮಾಡಿ, ಅಮ್ಮಾ ಅಳಿಸಿ, ಮತ್ತೆ ಸೇರಿಸಿ, ಕೊನೆಗೆ ಬರೀ ಹೆಬ್ಬೆರಳಿನ ಚಿತ್ರ ಕಳಿಸಿದಳು. ತನ್ನ ಸ್ವಾಭಿಮಾನವೆಲ್ಲ ಆ ಒಂದು ಹೆಬ್ಬೆರಳಿನಲ್ಲಿದೆ ಎಂದುಕೊಂಡು ಪರದೆಯನ್ನು ಮುದ್ದೆ ಮಾಡಿ ಮೂಲೆಗೆಸೆದಳು. ಅತ್ತೆ ಇಣುಕಿ, "ಅದ್ಯಾಕೆ ಹಾಗೆ ಬಿಸಾಕ್ದೆ? ಅವಳು ಎಷ್ಟು ನೀಟಾಗಿ ಮಡಚಿ ಕೊಟ್ಟಿದ್ಲು" ಎಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅದನ್ನೇ ಒಳ್ಳೆಯ ಶಕುನವೆಂದುಕೊಳ್ಳುವಷ್ಟು ಇಳಿದುಹೋಗಿದ್ದಳು. ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಬಾಯೊಳಗೇ ಉರು ಹೊಡೆಯಲು ನೋಡಿದರೆ ಬಂದದ್ದೆಲ್ಲ ಓರಗಿತ್ತಿಗೆ ಕೊಡಬೇಕಾದ ಉತ್ತರಗಳು, ಒಂದಕ್ಕಿಂತ ಒಂದು ಚೂಪಾದವು. ನನಗೆ ಹೊಲಿಯೋಕೆ ಬರತ್ತಮ್ಮಾ, ನಿನಗೆ ಗುಂಡಿ ಹಾಕೋಕೂ ಬರಲ್ಲ. ಇದು ಚೆನ್ನಾಗಿದೆ. ಇಂಥ ಮಾತು ಅವಳಿಗೆ ಯಾವಾಗಲೂ ಬಸ್ಸಿನಲ್ಲಿಯೇ ಹೊಳೆಯುತ್ತಿತ್ತು, ಮನೆಯಲ್ಲಿ ಎಂದೂ ಇಲ್ಲ. ಓರಗಿತ್ತಿ ಹೊಸದಾಗಿ ಬಂದಾಗ ಒಂದು ಸಲ ಇವಳಿಗೆ ಜ್ವರ ಬಂದಿತ್ತು. ಅವಳು ರಜೆ ಹಾಕಿ ಪಕ್ಕದಲ್ಲಿ ಕೂತು ಒದ್ದೆಬಟ್ಟೆ ಹಾಕಿದ್ದಳು. ಆಗಲೂ ಇವಳು ಕಣ್ಣು ಮುಚ್ಚಿಕೊಂಡು, ನನಗಾದರೆ ಇವಳಿಗೋಸ್ಕರ ಹಾಕಲು ರಜೆಯಾದರೂ ಎಲ್ಲಿದೆ ಎಂದು ಹೊಟ್ಟೆ ಉರಿದುಕೊಂಡಿದ್ದಳು. ಜ್ವರದ ಬಿಸಿಯೋ ಹೊಟ್ಟೆಯ ಉರಿಯೋ, ಒದ್ದೆಬಟ್ಟೆ ಬೇಗ ಒಣಗುತ್ತಿತ್ತು. ನಿಲ್ದಾಣ ಬಂದಿತ್ತು, ಇಳಿಯುವುದನ್ನು ಮರೆತು ಮುಂದಿನದರಲ್ಲಿ ಇಳಿದು ಹಿಂದಕ್ಕೆ ಓಡಿದಳು.

ಇಂಟರ್‌ವ್ಯೂ ಮಾಡುವವಳನ್ನು ನೋಡಿದ ಕೂಡಲೇ ಅವಳು ಅಳತೆ ತೆಗೆದಳು. ಯಾರೋ ಚಿಕ್ಕ ಹುಡುಗ ಇದ್ದಿದ್ದರೆ ವಯಸ್ಸಿನ ಮೇಲೆ ಹಾಕಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ಈಕೆ ಸರಿಯಾಗಿ ತನ್ನ ಓರಗೆಯವಳು. ಬಣ್ಣ ಹಚ್ಚದ ನರೆಗೂದಲು, ಕೆಂಪಾದ ಮೂಗು, ಮೇಜಿನ ಮೇಲೆ ಕಾಗದದ ಕರವಸ್ತ್ರಗಳ ಡಬ್ಬ. "ಹತ್ರ ಬರ್ಬೇಡಿ, ನೆಗಡಿ" ಎಂದು ಕೈಯಲ್ಲೇ ನಮಸ್ಕಾರ ಮಾಡಿದಳು. ನೆಗಡಿ ಮೇಡಂ ಎಂದು ಮನಸ್ಸಿನಲ್ಲೇ ಹೆಸರಿಟ್ಟು, ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ, ತಾನು ಸೋತದ್ದನ್ನು ಖಚಿತ ಮಾಡಿಕೊಂಡ ಮೇಲೆಯೇ ಇವಳು ಕುರ್ಚಿಯಲ್ಲಿ ಕೂತದ್ದು. ಮೇಡಂ ಬಿಳಿ ಹಲಗೆಯ ಮೇಲೆ ಸಂಖ್ಯೆಗಳನ್ನು ಬರೆದಳು: ನಲವತ್ತು, ಏಳು, ಐವತ್ತೆರಡು, ಹತ್ತೊಂಬತ್ತು, ಮೂವತ್ತಮೂರು, ಇಪ್ಪತ್ತೊಂದು. "ಒಂದು ನಿಲ್ದಾಣ. ಗಂಟೆ ಹೊಡೆದ ಎಷ್ಟನೇ ನಿಮಿಷಕ್ಕೆ ಒಂದೊಂದು ಬಸ್ಸು ಬರತ್ತೆ ಅನ್ನೋದು ಇದು, ಹೇಗ್ ಬೇಕೋ ಹಾಗಿದೆ. ತೀರಾ ಹತ್ತಿರ ಹತ್ತಿರ ಬರೋ ಎರಡು ಬಸ್ಸು ಯಾವುವು? ಪ್ರೋಗ್ರಾಮ್ ಬರೀರಿ." ಇಷ್ಟೇನಾ ಎಂದು ಇವಳಿಗೆ ಎಂಥಾ ಹುರುಪು ಬಂತೆಂದರೆ ಮಾರ್ಕರಿನ ಮುಚ್ಚಳ ನೆಲಕ್ಕೆ ಬಿದ್ದದ್ದೂ ಗೊತ್ತಾಗಲಿಲ್ಲ. ಮೊದಲನೆಯದನ್ನು ಹಿಡಿ, ಉಳಿದ ಎಲ್ಲದರ ಜೊತೆ ಒಂದೊಂದಾಗಿ ಇಟ್ಟು ನೋಡು. ಎರಡನೆಯದನ್ನು ಹಿಡಿ, ಮತ್ತೆ ಹಾಗೇ. ಒಂದು ಸುತ್ತಿನ ಹೊಟ್ಟೆಯಲ್ಲಿ ಇನ್ನೊಂದು ಸುತ್ತು, ಲೂಪಿನೊಳಗೆ ಲೂಪ್, ಪ್ರತಿ ಸಲವೂ ವ್ಯತ್ಯಾಸ ಲೆಕ್ಕ, ಅತಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳುವುದು. ಜನ್ಮದಲ್ಲಿ ಇನ್ನೇನು ಮಾಡಿದ್ದಾಳೆ ಅವಳು? ಕೈ ತಡವರಿಸಲೇ ಇಲ್ಲ.

"ಸರಿ ಇದೆ," ಎಂದಳು ಮೇಡಂ ಮೂಗೊರೆಸಿಕೊಳ್ಳುತ್ತ. "ಆರು ಬಸ್ಸಿಗೆ ಸರಿ. ಊರಿನ ಎಲ್ಲಾ ಬಸ್ಸೂ ಕೊಟ್ರೆ? ಲಕ್ಷ ಇದ್ರೆ?" ಇವಳು ಹಲಗೆ ನೋಡಿದಳು. ಲಕ್ಷ ಬಸ್ಸುಗಳು ಒಂದೊಂದೂ ಉಳಿದೆಲ್ಲದರ ಮುಖ ನೋಡಿ ಬರುವಷ್ಟರಲ್ಲಿ ಪ್ರಯಾಣಿಕರಿಗೆ ಮೊಮ್ಮಕ್ಕಳಾಗಿರುತ್ತವೆ. "ನಿಧಾನ ಆಗತ್ತೆ," ಎಂದಳು. "ಬೇರೆ ದಾರಿ?" ಮೌನ. ತಲೆ ಖಾಲಿ ಡಬ್ಬದಂತೆ ಸದ್ದು ಮಾಡುತ್ತಿತ್ತು. ಹಿಂದಿನ ಮೂರು ಇಂಟರ್‌ವ್ಯೂಗಳಲ್ಲಿಯೂ ಸರಿಯಾಗಿ ಇದೇ ಮೌನ ಬಂದು ಕೂತಿತ್ತು, ಈಗ ಪರಿಚಯದ ನೆಂಟನ ಹಾಗೆ ಕಾಲು ಚಾಚಿಕೊಂಡಿತು. ಮೇಡಂಗೆ ಪಾಪ ಅನ್ನಿಸಿತೇನೋ, ಮುಂದೆ ಬಾಗಿ ಕೇಳಿದಳು: "ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸ್ಲೇಬೇಕಾ?"

ಹೋಲಿಸಲೇಬೇಕೆ. ಆ ಪದ ಕಿವಿಗೆ ಬಿದ್ದು ಎಲ್ಲೋ ಸಿಕ್ಕಿಹಾಕಿಕೊಂಡಿತು. ಹೋ. ಹೋಲಿಸಿದರೆ. ಪಕ್ಕಪಕ್ಕದ್ದನ್ನ ಹೊಲಿಸಿದ್ರೆ ಸಾಕು. ಮೊದಲು ಎಲ್ಲಾ ಸಾಲಾಗಿ ಇಟ್ಕೊಳ್ಳಿ. "ಅಯ್ಯಯ್ಯೋ, ಹೋಲಿಸಿದ್ರೆ! ದೀರ್ಘ ಬಿಟ್ಟಿದ್ದಾಳೆ!" ಎಂದು ಕೂಗುತ್ತ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ಪರದೆಯಲ್ಲ. ಕೊಂಕಲ್ಲ. ಆ ಹುಡುಗಿ ಬಸ್ಸಿನಲ್ಲೋ ಆಟೋದಲ್ಲೋ ಅಲುಗಾಡುತ್ತ, ಅವಸರದಲ್ಲಿ, ತನ್ನ ಎದುರಾಳಿಗೆ ಉತ್ತರವನ್ನೇ ಬರೆದು ಕಳಿಸಿದ್ದಳು. ಅಕ್ಷರದ ಪಕ್ಕದಲ್ಲಿ ಒಂದು ಕೊಕ್ಕೆ ಹಾಕುವುದನ್ನು ಮರೆತಿದ್ದಳು, ಅಷ್ಟೇ. ಅದನ್ನು ಓದಿ ತಾನು ಏನೇನು ಅಂದುಕೊಂಡೆ ಎಂಬುದು ನೆನಪಾಗಿ ಮುಖ ಕಾದ ಬಾಣಲೆಯಾಯಿತು. ಅದರ ಜೊತೆಜೊತೆಗೇ ಕೈ ಬರೆಯುತ್ತಿತ್ತು. ಏಳು, ಹತ್ತೊಂಬತ್ತು, ಇಪ್ಪತ್ತೊಂದು, ಮೂವತ್ತಮೂರು, ನಲವತ್ತು, ಐವತ್ತೆರಡು. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದ ಮೇಲೆ ಏಳನೇ ನಿಮಿಷದ ಬಸ್ಸು ಐವತ್ತೆರಡರ ಕಡೆ ನೋಡಿ ನಿಟ್ಟುಸಿರು ಬಿಡುವುದರಲ್ಲಿ ಅರ್ಥವೇ ಇಲ್ಲ, ನಡುವೆ ನಿಂತವರೆಲ್ಲ ಅದಕ್ಕಿಂತ ಹತ್ತಿರದವರೇ. ಯಾರಿಗೆ ಯಾರು ಹತ್ತಿರ ಎಂದು ನೋಡಲು ಪಕ್ಕದವರನ್ನು ನೋಡಿದರೆ ಮುಗಿಯಿತು. ಒಂದೇ ಲೂಪ್. ಹತ್ತೊಂಬತ್ತು, ಇಪ್ಪತ್ತೊಂದು, ವ್ಯತ್ಯಾಸ ಎರಡು. "ಸಾಲು ಬದಲಾಯಿಸಿಬಿಟ್ರಿ. ಯಾವ ಬಸ್ಸು ಅಂತ ಈಗ ಹೇಗೆ ಗೊತ್ತಾಗತ್ತೆ?" ಎಂದು ಮೇಡಂ ಕೆಣಕಿದಳು. "ನಿಮಿಷದ ಜೊತೆ ಬಸ್ಸಿನ ನಂಬರೂ ಕಟ್ಟಿ ನಿಲ್ಲಿಸ್ತೀನಿ, ಎಲ್ಲಿಗೆ ಹೋದ್ರೂ ಹೆಸರು ಹೊತ್ಕೊಂಡೇ ಹೋಗ್ಲಿ" ಎಂದಳು ಇವಳು. ಅದು ಅವಳದೇ ಉತ್ತರ, ಯಾರೂ ಕಳಿಸಿದ್ದಲ್ಲ. ಬಹಳ ವರ್ಷಗಳ ನಂತರ ತನ್ನ ಬಾಯಿಂದ ಇಂಥ ಮಾತು ಬಂದದ್ದಕ್ಕೆ ಅವಳಿಗೆ ಕಣ್ಣು ತುಂಬಿತು. ಮೇಡಂ ನೆಗಡಿ ಅಂಟಿತೆಂದು ತಿಳಿದು ಕಾಗದದ ಡಬ್ಬ ಮುಂದೆ ತಳ್ಳಿದಳು.

"ಒಂದು ಮಾತು," ಎಂದಳು ಆಮೇಲೆ, ಕಂಪ್ಯೂಟರ್ ನೋಡುತ್ತ. "ಬೆಳಿಗ್ಗೆ ಒಬ್ರು ಬಂದಿದ್ರಲ್ಲ, ಅವ್ರದೂ ನಿಮ್ಮದೂ ಒಂದೇ ವಿಳಾಸ. ಅವ್ರು ನಿಮಗೇನಾಗ್ಬೇಕು?"

"ಓರಗಿತ್ತಿ. ಮೈದುನನ ಹೆಂಡ್ತಿ."

"ಅವ್ರಿಗೂ ಇದೇ ಪ್ರಶ್ನೆ ಕೊಟ್ಟಿದ್ವಿ. ಹೊರಗೆ ಹೇಳ್ಬಾರ್ದು ಅಂತಲೂ ಹೇಳಿದ್ವಿ. ನೀವೀಗ ಇದ್ದಕ್ಕಿದ್ದಂಗೆ ಎದ್ದು, ದೀರ್ಘ ಬಿಟ್ಟಿದ್ದಾಳೆ ಅಂದ್ರಿ. ಯಾರು? ಅವ್ರು ಏನಾದ್ರೂ ಹೇಳಿದ್ರಾ?"

ಇಲ್ಲ ಎನ್ನಬಹುದಿತ್ತು. ಇಲ್ಲ ಎನ್ನುವುದಕ್ಕೆ ಎರಡೇ ಅಕ್ಷರ ಸಾಕು, ದೀರ್ಘ ಕೂಡ ಬೇಡ. ಆದರೆ ಆ ಗಳಿಗೆಯಲ್ಲಿ ಅವಳ ತಲೆಯಲ್ಲಿದ್ದದ್ದು ಒಂದೇ, ತನ್ನನ್ನು ಕಳ್ಳಿ ಎಂದುಕೊಂಡುಬಿಡುತ್ತಾಳೆ ಈಕೆ. ಇಷ್ಟು ವರ್ಷಕ್ಕೆ ಒಂದು ಸರಿಯುತ್ತರ ಬರೆದದ್ದು ಕದ್ದ ಮಾಲು ಅನ್ನಿಸಿಕೊಳ್ಳುತ್ತದೆ. "ಕಳಿಸಿದ್ಲು, ಆದ್ರೆ ನನಗೆ ಅರ್ಥಾನೇ ಆಗಿರ್ಲಿಲ್ಲ ಮೇಡಂ, ದೇವರಾಣೆ! ನೋಡಿ ಬೇಕಾದ್ರೆ" ಎಂದು ಚೀಲಕ್ಕೆ ಕೈ ಹಾಕಿ, ಫೋನು ತೆಗೆದು, ಸಂದೇಶ ತೆರೆದು, ಮೇಜಿನ ಮೇಲಿಟ್ಟೇಬಿಟ್ಟಳು. "ಹೊಲಿಸಿದ್ರೆ ಅಂತಿದೆ. ನಾನು ಪರದೆ ಅಂದ್ಕೊಂಡೆ. ಅವಳ ಪರದೆ ನಾನೇ ಹೊಲಿತಿದ್ದೆ. ಅದಕ್ಕೇ ಮೊದಲು ಹಾಗೆ ಎಲ್ಲಾ ಎಲ್ಲದರ ಜೊತೆ ಬರೆದೆ. ಗೊತ್ತಿದ್ರೆ ಬರೀತಿದ್ನಾ, ನೀವೇ ಹೇಳಿ." ಮೇಡಂ ಓದಿದಳು. ಮೂಗಿಗೆ ಕಾಗದ ಒತ್ತಿಕೊಂಡು ನಗತೊಡಗಿದಳು, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಇನ್ನೊಂದು ಸಲ ನಕ್ಕಳು. ಇವಳೂ ನಕ್ಕಳು. ತನ್ನ ಪೆದ್ದುತನವನ್ನು ಇಷ್ಟು ಚೆನ್ನಾಗಿ ಸಾಬೀತು ಮಾಡಿದ್ದಕ್ಕೆ ಎಂಥಾ ಹಗುರ! ಮೇಡಂ ಕಣ್ಣೊರೆಸಿಕೊಂಡು ಫೋನನ್ನು ಮೆತ್ತಗೆ ಇವಳ ಕಡೆ ಸರಿಸಿದಳು. "ನಿಜ ಹೇಳಿದ್ರಲ್ಲ, ಒಳ್ಳೇದಾಯ್ತು. ಬೆಳಿಗ್ಗೆ ಅವ್ರು ತುಂಬಾ ಚೆನ್ನಾಗಿ ಮಾಡಿದ್ರು. ಅವ್ರನ್ನೇ ತಗೊಳ್ಳೋಣ ಅಂತಿದ್ದೆ," ಎಂದಳು. ಆಮೇಲೆ ನಗಲಿಲ್ಲ.

ಲಿಫ್ಟಿನ ಬಾಗಿಲು ಮುಚ್ಚಿಕೊಂಡ ಮೇಲೆಯೇ ಅವಳಿಗೆ ತಾನು ಮಾಡಿದ್ದೇನೆಂದು ಗೊತ್ತಾದದ್ದು. ಕನ್ನಡಿಯಲ್ಲಿ ಒಬ್ಬಳು ಹೆಂಗಸು ಚೀಲ ಅವುಚಿಕೊಂಡು ನಿಂತಿದ್ದಳು. ಸತ್ಯವನ್ನೇ ಹೇಳಿದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದು ಅವಳಿಗೆ ಸಮಜಾಯಿಷಿ ಕೊಟ್ಟಳು. ಕನ್ನಡಿಯವಳು ನಂಬಲಿಲ್ಲ. ಹಾಗಾದರೆ ಬೇಕೆಂದೇ ಮಾಡಿದೆನೆ? ಎಷ್ಟು ವರ್ಷದಿಂದ ಕಾದಿದ್ದ ಏಟೋ, ಸಿಕ್ಕಿದ ಕೂಡಲೇ ಕೊಟ್ಟೆನೆ? ಅಷ್ಟು ಜಾಣತನ ತನಗೆಲ್ಲಿಂದ ಬಂತು ಎಂದುಕೊಂಡರೂ, ಒಳಗೆಲ್ಲೋ, ಅವ್ರನ್ನೇ ತಗೊಳ್ಳೋಣ ಅಂತಿದ್ದೆ ಎಂಬ ಮಾತಿನ ಕೊನೆಯ "ಇದ್ದೆ" ಕೇಳಿದಾಗ ಆದ ಸಂತೋಷ ಇನ್ನೂ ಬೆಚ್ಚಗೆ ಕೂತಿತ್ತು. ಅದನ್ನು ಕಿತ್ತೆಸೆಯಲು ನೋಡಿದಳು, ಬರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಪಕ್ಕದಲ್ಲೇ ಸಂತೋಷವೂ ಒತ್ತಿಕೊಂಡು ಕೂತಿತ್ತು. ಬಸ್ಸಿನುದ್ದಕ್ಕೂ ಮಾತು ಜೋಡಿಸಿದಳು. ಹೋದ ತಕ್ಷಣ ಹೇಳಿಬಿಡಬೇಕು. ಬಾಗಿಲಲ್ಲೇ, ಚಪ್ಪಲಿ ಬಿಡುವ ಮೊದಲೇ. ನಾನೇ ತೋರಿಸಿದೆ ಕಣೇ, ನನ್ನ ಮಾನ ಉಳಿಸ್ಕೊಳ್ಳೋಕೆ ನಿನ್ನ ಹಿಡ್ಕೊಟ್ಟೆ, ಬೈದುಬಿಡು. ಎಷ್ಟು ಚೆನ್ನಾಗಿ ಬಂತು ಮಾತು. ಬಸ್ಸಿನಲ್ಲಿ ಯಾವಾಗಲೂ ಬರುತ್ತಿತ್ತು.

ಬಾಗಿಲು ತೆರೆದಾಗ ಓರಗಿತ್ತಿ ಮಕ್ಕಳ ಬಟ್ಟೆ ಮಡಚುತ್ತ ನೆಲದ ಮೇಲೆ ಕೂತಿದ್ದಳು. ತನ್ನ ಮಗುವಿನದೂ ಇವಳ ಮಕ್ಕಳದೂ ಒಂದೇ ರಾಶಿ. "ಏನಾಯ್ತಕ್ಕಾ? ಅದೇ ಲೆಕ್ಕ ಬಂತಾ?" ಎಂದು ಮುಖವೆಲ್ಲ ಕಣ್ಣಾಗಿ ಕೇಳಿದಳು. ಇವಳು ಚಪ್ಪಲಿ ಬಿಟ್ಟಳು. "ಬಂತು." "ನಾನು ಕಳ್ಸಿದ್ದು ಉಪಯೋಗಕ್ಕೆ ಬಂತಾ?" ಇವಳು ಚೀಲವನ್ನು ಮೊಳೆಗೆ ಸಿಗಿಸಿ, ಸರಿಯಾಗಿ ಸಿಕ್ಕಿದೆಯೇ ಎಂದು ಎಳೆದು ನೋಡಿ, "ಹೂಂ, ಬಂತು ಕಣೇ" ಎಂದಳು. ಓರಗಿತ್ತಿ ಚಪ್ಪಾಳೆ ತಟ್ಟಿದಳು. "ನೋಡಿದ್ರಾ ಅತ್ತೆ! ನನಗಾಗ್ದಿದ್ರೆ ಅಕ್ಕನಿಗಾದ್ರೂ ಆಗ್ಲಿ ಅಂತ ಇಳಿಯೋ ಮೊದ್ಲೇ ಟೈಪ್ ಮಾಡಿದ್ದೆ, ಬಸ್ಸು ಬೇರೆ ಕುಲುಕಾಡ್ತಿತ್ತು." ಅತ್ತೆ ಇಬ್ಬರನ್ನೂ ನೋಡಿದರು. ಅವರಿಗೂ ಈ ಸಲ ಯಾರ ಹಾಗೆ ಯಾರಿರಬೇಕೆಂದು ಹೇಳಲು ತೋಚಲಿಲ್ಲ. ಆಗ ಓರಗಿತ್ತಿಯ ಫೋನು ರಿಂಗಾಯಿತು. "ಅವ್ರೇ!" ಎಂದು ಎದ್ದು ಬಾಲ್ಕನಿಗೆ ಓಡಿದಳು. ಗಾಜಿನ ಬಾಗಿಲಿನಾಚೆ ಅವಳ ಬೆನ್ನು ಕಾಣುತ್ತಿತ್ತು. ಮೊದಲು ನೆಟ್ಟಗಿತ್ತು. ಆಮೇಲೆ ಒಂದು ಕೈ ಕಂಬಿ ಹಿಡಿದುಕೊಂಡಿತು. ಇವಳು ಅವಳ ಜಾಗದಲ್ಲಿ ಕೂತು ಬಟ್ಟೆ ಮಡಚತೊಡಗಿದಳು, ಯಾರ ಅಂಗಿ ಯಾರ ಚಡ್ಡಿಯ ಮೇಲೆ ಬೀಳುತ್ತಿದೆಯೆಂದು ನೋಡದೆ.

ಓರಗಿತ್ತಿ ಒಳಗೆ ಬಂದು ಎದುರಿಗೇ ಕೂತಳು. ಮುಖ ತೊಳೆದುಕೊಂಡವಳ ಹಾಗಿದ್ದಳು. "ನನಗಲ್ಲಂತೆ," ಎಂದಳು. "ಅಯ್ಯೋ, ಯಾಕಂತೆ?" ಎಂದರು ಅತ್ತೆ. ಅವಳು ರಾಶಿಯಿಂದ ಒಂದು ಸಣ್ಣ ಕಾಲುಚೀಲ ಎತ್ತಿ ಅದರ ಜೋಡಿ ಹುಡುಕಿದಳು. "ಪ್ರಶ್ನೆ ಹೊರಗೆ ಹೇಳಿದ್ದಕ್ಕಂತೆ. ಯಾರೋ ಹೇಳಿದ್ರಂತೆ ಅವ್ರಿಗೆ." "ಯಾರು ಆ ಮನೆಹಾಳರು?" "ಗೊತ್ತಿಲ್ಲ ಅತ್ತೆ. ಯಾರೋ." ಜೋಡಿ ಸಿಕ್ಕಿತು, ಸುರುಳಿ ಸುತ್ತಿ ಇವಳ ಮಗನ ಬಟ್ಟೆಯ ಮೇಲಿಟ್ಟಳು. ಇವಳ ಕಡೆ ನೋಡಲಿಲ್ಲ, ನೋಡದೆ ಇರುವ ಪ್ರಯತ್ನವನ್ನೂ ಮಾಡಲಿಲ್ಲ. "ನಿಮಗೆ ಇನ್ನೇನು ಫೋನ್ ಮಾಡ್ತಾರೆ ಅಕ್ಕಾ. ಸೋಮವಾರದಿಂದಾನೇ ಬನ್ನಿ ಅನ್ಬಹುದು. ಮಕ್ಕಳ ಡಬ್ಬಿ ನಾನು ಕಟ್ತೀನಿ ಬಿಡಿ, ಹೇಗೂ ಬಿಡುವಾಗಿರ್ತೀನಿ."

ನಾನೇ ಕಣೇ ಎಂದುಬಿಡಬೇಕು, ಅವಳ ಕಾಲು ಹಿಡಿದುಕೊಂಡು ಅಲ್ಲೇ ಅತ್ತುಬಿಡಬೇಕು ಅನ್ನಿಸಿತು. ಬಾಯಿ ತೆರೆದಳು.

"ದೊಡ್ಡವನ ಡಬ್ಬಿ ಮುಚ್ಚಳ ಸರಿಯಾಗಿ ಕೂರಲ್ಲ," ಎಂದಳು. "ಒತ್ತಿ ಹಾಕು."

"ಆಯ್ತಕ್ಕಾ," ಎಂದಳು ಓರಗಿತ್ತಿ.